ಮೈಕಿಗಿಂತ ಮೊದಲು ಕೌದಿ

ಕೂಡಿಟ್ಟ 15,000 ರೂಪಾಯಿಯಲ್ಲಿ ಬಹುಪಾಲನ್ನು ಗಿಟಾರ್ ರೆಕಾರ್ಡ್ ಮಾಡಲೆಂದು ಒಂದೇ ಕಂಡೆನ್ಸರ್ ಮೈಕಿಗೆ ಸುರಿದೆ. ಅಥಣಿಯ ನಮ್ಮ ಮನೆಗೆ ಅದು ಬಂದ ದಿನ ಲ್ಯಾಪ್‌ಟಾಪಿಗೆ ಸಿಕ್ಕಿಸಲು ನೋಡಿದರೆ ತಂತಿಯ ತುದಿಯೇ ಹೊಂದಲಿಲ್ಲ. ಅಂಥ ಮೈಕಿಗೆ 48 ವೋಲ್ಟಿನ ಫ್ಯಾಂಟಮ್ ಪವರ್ ಬೇಕು, ಅದನ್ನು ಕೊಡುವುದು ಆಡಿಯೊ ಇಂಟರ್‌ಫೇಸ್ ಎಂಬ ಬೇರೆಯೇ ಡಬ್ಬಿ ಎಂಬುದು ಆಮೇಲೆ ತಿಳಿಯಿತು. ಮತ್ತೆ ದುಡ್ಡು ಕೂಡುವ ತನಕ, ಎರಡು ತಿಂಗಳು, ಮೈಕು ಟ್ರೆಜರಿಯಲ್ಲೇ ಉಳಿಯಿತು.

ಇಂಟರ್‌ಫೇಸ್ ಬಂದ ಮೇಲೂ ಕೇಳಿಸಿದ್ದು ಗಿಟಾರ್ ಅಲ್ಲ, ನಮ್ಮ ಕೋಣೆ. ಸಿಮೆಂಟು ಗೋಡೆ, ಬರಿ ಫರಸಿ, ಮೇಲೆ ಪತ್ರಾಸು. ಮೀಟಿದ ಪ್ರತಿ ಸ್ವರವೂ ಗೋಡೆಗೆ ಬಡಿದು ತಿರುಗಿ ಮೈಕಿನೊಳಗೆ ಬೀಳುತ್ತಿತ್ತು. ಅದರ ಮೇಲೆ ಕಬ್ಬಿನ ಹಂಗಾಮು: ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು, ಅವುಗಳ ಸ್ಪೀಕರು. ಹಗಲು ಹೊತ್ತು ಹಿಂದಿನ ಓಣಿಯಲ್ಲಿ ಚಪ್ಪಲಿಗೆ ತೊಗಲು ಬಡಿಯುವ ಸದ್ದು. ಸೂಕ್ಷ್ಮ ಕಿವಿಯ ಮೈಕು ಒಂದನ್ನೂ ಬಿಡಲಿಲ್ಲ. ಇನ್ನೂ ಒಳ್ಳೆಯ ಮೈಕು ಕೊಳ್ಳಬೇಕು ಎಂದೇ ಲೆಕ್ಕ ಹಾಕತೊಡಗಿದೆ.

ಆ ಲೆಕ್ಕ ನಿಂತದ್ದು ಮಿರಜಿನಲ್ಲಿ. ಗಿಟಾರಿಗೆ ಹೊಸ ತಂತಿ ತರಲು ಹೋದವನು ಸಿತಾರ್, ತಂಬೂರಿ ಮಾಡುವವರ ಓಣಿಯಲ್ಲಿ ನಿಂತೆ. ಆ ಊರಿನ ಈ ಎರಡು ವಾದ್ಯಗಳಿಗೆ 2024ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ. ಕಾರಿಗರೊಬ್ಬರು ತಂಬೂರಿಯ ಕುದುರೆಯ ಮೇಲೆ ತಂತಿಯಡಿಯ ನೂಲನ್ನು ಕೂದಲೆಳೆಯಷ್ಟು ಸರಿಸುವುದು, ಮೀಟುವುದು, ಕಣ್ಣುಮುಚ್ಚಿ ಕೇಳುವುದು, ಮತ್ತೆ ಸರಿಸುವುದು. ಇದ್ದಕ್ಕಿದ್ದಂತೆ ನಾದ ಅರಳಿತು. ಅವರು ಹೊಸದೇನನ್ನೂ ಸೇರಿಸಿರಲಿಲ್ಲ.

ಮನೆಗೆ ಬಂದವನೇ ಮೈಕನ್ನು ಸರಿಸಲು ಕುಳಿತೆ. ಅಲ್ಲಿಯ ತನಕ ಅದನ್ನು ಗಿಟಾರಿನ ಬಾಯಿಗೇ ಹಿಡಿಯುತ್ತಿದ್ದೆ. ಡಬ್ಬದೊಳಗಿನ ಗಾಳಿ ಸುಮಾರು 100 ಹರ್ಟ್ಸ್‌ನ ಆಸುಪಾಸಿನಲ್ಲಿ ಅನುರಣಿಸುವುದರಿಂದ ಅಲ್ಲಿ ಬರೀ ಗುಮ್ಮೆನ್ನುವ ದನಿ. 12ನೇ ಫ್ರೆಟ್ಟಿನ ಎದುರು, ಒಂದು ಗೇಣಿಗಿಂತ ತುಸು ದೂರ ಇಟ್ಟಾಗ ಬೆರಳೂ ತಂತಿಯೂ ಬಿಡಿಬಿಡಿಯಾಗಿ ಕೇಳಿಸಿದವು. ಅಜ್ಜಿ ಹಳೇ ಸೀರೆಗಳಿಂದ ಹೊಲಿದ ಮೂರು ಕೌದಿಗಳನ್ನು ಬೆನ್ನಿಗೂ ಎರಡು ಬದಿಗೂ ಹಗ್ಗಕ್ಕೆ ಹಾಕಿದೆ. ಪದರು ಪದರಾದ ಆ ಅರಿವೆ ಮರುದನಿಯನ್ನು ನುಂಗಿತು. ಫ್ಯಾನು ಬಂದ್. ಇಂಟರ್‌ಫೇಸಿನಲ್ಲಿ ಗಟ್ಟಿ ಮೀಟಿಗೂ ಮೈನಸ್ 12 ಡೆಸಿಬಲ್ ದಾಟದಂತೆ ಗೇನ್ ಇಳಿಸಿದೆ.

ಈಗ ಗಿಟಾರ್ ಕಲಿಯುವ ಹುಡುಗರು ಯಾವ ಮೈಕು ಕೊಳ್ಳಬೇಕೆಂದು ಕೇಳಿದರೆ ಮೊದಲು ಹೊಸ ತಂತಿ ಹಾಕಿಸುತ್ತೇನೆ. ಕೌದಿಗಳ ನಡುವೆ ಕೂರಿಸಿ, ಅವರ ಮೊಬೈಲಿನಲ್ಲೇ ಒಂದು ತಿಂಗಳು ರೆಕಾರ್ಡ್ ಮಾಡಲು ಹೇಳುತ್ತೇನೆ. ಆಮೇಲೂ ಹಂಬಲ ಉಳಿದರೆ ಒಂದೇ ಮೈಕ್ ಇನ್‌ಪುಟ್ಟಿನ, 48 ವೋಲ್ಟ್ ಕೊಡುವ ಅಗ್ಗದ ಇಂಟರ್‌ಫೇಸ್, ಸಾಧಾರಣ ಕಂಡೆನ್ಸರ್, ಗಟ್ಟಿ ಸ್ಟ್ಯಾಂಡು, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್. ಶೂರ್ ಎಸ್‌ಎಂ57ನಂಥ ಡೈನಮಿಕ್ ಮೈಕಿಗೆ ಫ್ಯಾಂಟಮ್ ಪವರ್ ಬೇಡ, ಗಟ್ಟಿಯಾಗಿ ಬಾರಿಸುವವರಿಗೆ ಒಗ್ಗುತ್ತದೆ. ಆದರೆ ಬೆರಳಿನಿಂದ ಮೆಲ್ಲಗೆ ಮೀಟಿದರೆ ಗೇನ್ ಬಹಳ ಏರಿಸಬೇಕಾಗಿ ಅಗ್ಗದ ಡಬ್ಬಿಯಲ್ಲಿ ಸುಸ್ಸೆನ್ನುವ ಸದ್ದು ಸೇರುತ್ತದೆ. ಸಾಫ್ಟ್‌ವೇರಿಗೆ ಖರ್ಚು ಬೇಡ; ಆಡಾಸಿಟಿ ಪುಕ್ಕಟೆ.

ನಾನು ಈಗಲೂ ರಾತ್ರಿ ಒಂದರ ಮೇಲೆ, ಟ್ರ್ಯಾಕ್ಟರುಗಳ ನಡುವಿನ ಬಿಡುವಿನಲ್ಲಿ ನುಡಿಸುತ್ತೇನೆ. ಮಳೆಗಾಲಕ್ಕೆ ಪತ್ರಾಸಿನ ಸದ್ದಿಗೆ ಏನಾದರೂ ದಾರಿ ಹುಡುಕಬೇಕು; ಅದಕ್ಕೆ ಕೌದಿ ಸಾಲದು.