ತೋಟದ ಶೆಡ್ಡಿನ ಹಳೆಯ ಜೀಪು: ಕೊಳ್ಳುವ ಮುನ್ನ ನೋಡಬೇಕಾದ್ದು

ಹಳೆಯ ಜೀಪಿನ ಆಸೆ ಹತ್ತಿದವರು ಮೊದಲು ಬಣ್ಣ ನೋಡುತ್ತಾರೆ, ಆಮೇಲೆ ಎಂಜಿನ್ ಸದ್ದು ಕೇಳುತ್ತಾರೆ, ಮುಂಗಡ ಕೊಟ್ಟ ಮೇಲೆ ಆರ್‌ಸಿ ಕೇಳುತ್ತಾರೆ. ಈ ಕ್ರಮ ಪೂರ್ತಿ ತಲೆಕೆಳಗಾಗಬೇಕು. ಮೊದಲು ಆರ್‌ಸಿ, ನಂತರ ಚಾಸಿ, ಆಮೇಲೆ ಎಂಜಿನ್. ಬಣ್ಣ ಯಾವಾಗ ಬೇಕಾದರೂ ಹೊಡೆಸಬಹುದು.

ಯಾವ ಗಾಡಿ ಬೇಕೆಂಬುದನ್ನು ಮೊದಲೇ ತೀರ್ಮಾನಿಸಿ. ಎರಡನೇ ಮಹಾಯುದ್ಧಕ್ಕಾಗಿ ಅಮೆರಿಕದಲ್ಲಿ 1941ರಿಂದ 1945ರವರೆಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳು ತಯಾರಾದವು. ವಿಲ್ಲಿಸ್ ಎಂಬಿ, ಫೋರ್ಡ್ ಜಿಪಿಡಬ್ಲ್ಯು ಎಂದು ಅವುಗಳ ಹೆಸರು. ಯುದ್ಧ ಮುಗಿದ ಮೇಲೆ ಇಲ್ಲಿ ಉಳಿದವು ಡಿಸ್ಪೋಸಲ್ ಮಾಲಾಗಿ ಜನರ ಕೈ ಸೇರಿದವು. ನಂತರದ್ದು ಮಹೀಂದ್ರಾದ ಸಿಜೆ3ಬಿ, ಎತ್ತರದ ಬಾನೆಟ್ಟಿನ ನಾಗರಿಕ ಜೀಪು. ಸೇನೆಗಾಗಿ ಜಬಲ್ಪುರದ ಕಾರ್ಖಾನೆಯಲ್ಲಿ ನಿಸ್ಸಾನ್ ಪರವಾನಗಿಯಡಿ ತಯಾರಾದ ಜೋಂಗಾ ಆರು ಸಿಲಿಂಡರಿನ, ಸುಮಾರು ನಾಲ್ಕು ಲೀಟರ್ ಎಂಜಿನ್ನಿನ ಪೆಟ್ರೋಲ್ ಗಾಡಿ. ಮೊದಲ ಬಾರಿಗೆ ಸಂಗ್ರಹಕ್ಕೆ ಇಳಿಯುವವರು ಸಿಜೆ3ಬಿಯಿಂದ ಶುರುಮಾಡುವುದು ಒಳ್ಳೆಯದು. ಬಿಡಿಭಾಗ ಸಿಗುತ್ತದೆ, ಅದನ್ನು ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್‌ಗಳೂ ಸಿಗುತ್ತಾರೆ. 1985ರಲ್ಲಿ ಬಂದ ಮಾರುತಿ ಜಿಪ್ಸಿ ಇನ್ನೂ ಸುಲಭ, ಆದರೆ ಅದಿನ್ನೂ ವಿಂಟೇಜ್ ಅಲ್ಲ.

ಹುಡುಕುವುದಕ್ಕೆ ನಮ್ಮ ಮಲೆನಾಡು, ಕೊಡಗುಗಳಿಗಿಂತ ಒಳ್ಳೆಯ ಜಾಗ ಕಡಿಮೆ. ಸಕಲೇಶಪುರ, ಮೂಡಿಗೆರೆ, ಕಳಸದ ಕಾಫಿ ತೋಟಗಳಲ್ಲಿ ಒಂದೇ ಮನೆಯಲ್ಲಿ ಎರಡು ಮೂರು ತಲೆಮಾರು ಉಳಿದ ಜೀಪುಗಳಿವೆ. ಊರಿನ ಗ್ಯಾರೇಜಿನವರನ್ನು ಕೇಳಿ, ಯಾರ ಶೆಡ್ಡಿನಲ್ಲಿ ಯಾವ ಗಾಡಿ ಇದೆ ಎಂಬುದು ಅವರಿಗೆ ಬಾಯಿಪಾಠ. ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಅಂಗಡಿಗಳಿವೆ. ಆದರೆ ಉತ್ತರ ಭಾರತದಿಂದ ಬರುವ, ಹೊಸ ತಗಡಿನಲ್ಲಿ ಕಟ್ಟಿ ಹಳೆಯ ನಂಬರ್ ಅಂಟಿಸಿದ ಮಾಡಿಫೈಡ್ ಜೀಪುಗಳಿಂದ ದೂರವಿರಿ. ಕಾರ್ಖಾನೆಯ ಮೂಲ ವಿನ್ಯಾಸಕ್ಕೆ ಹೊಂದದಂತೆ ವಾಹನ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ.

ಗಾಡಿ ಸಿಕ್ಕಿತು ಎನ್ನಿ. ವೈರ್ ಬ್ರಷ್, ಟಾರ್ಚ್, ಹಳೆಯ ಗೋಣಿಚೀಲ ಜೊತೆಗಿರಲಿ. ಕಳಸದ ಹತ್ತಿರದ ಒಂದು ತೋಟದಲ್ಲಿ ಹಿರಿಯರೊಬ್ಬರು, ‘ಇದು ವಿಲ್ಲಿಸೇ ಮಾರಾಯ್ರೆ, ನಮ್ಮಪ್ಪ ಹಾಗೇ ಹೇಳ್ತಿದ್ರು’ ಎಂದು ನನಗೆ ಜೀಪು ತೋರಿಸಿದರು. ಗೋಣಿಚೀಲ ಹಾಸಿ ಅಡಿಗೆ ಹೋದೆ. ರೇಡಿಯೇಟರ್ ಕೆಳಗೆ ಚಾಸಿಯ ಎರಡು ತೊಲೆಗಳನ್ನು ಜೋಡಿಸುವ ಅಡ್ಡಪಟ್ಟಿ ದುಂಡು ಕೊಳವೆಯಾಗಿದ್ದರೆ ವಿಲ್ಲಿಸ್. ಅಲ್ಲಿದ್ದದ್ದು ಚೌಕ ಪಟ್ಟಿ. ಪಕ್ಕದ ಬೋಲ್ಟಿನ ಮೇಲಿನ ಗ್ರೀಸು, ಕೆಮ್ಮಣ್ಣನ್ನು ಬ್ರಷ್ಷಿನಿಂದ ಉಜ್ಜಿದಾಗ ತಲೆಯ ಮೇಲೆ ಪುಟ್ಟ ‘ಎಫ್’ ಅಕ್ಷರ ಮೂಡಿತು. ಫೋರ್ಡ್ ತನ್ನ ಬೋಲ್ಟುಗಳಿಗೂ ಮುದ್ರೆ ಒತ್ತುತ್ತಿತ್ತು. ಹಿರಿಯರು ಕನ್ನಡಕ ಹಾಕಿಕೊಂಡು ಬಂದು ಬಗ್ಗಿ ನೋಡಿದರು. ದಶಕಗಳ ರಿಪೇರಿಯಲ್ಲಿ ಎರಡೂ ಕಂಪನಿಗಳ ಭಾಗಗಳು ಬೆರೆತಿರುವುದು ಸಹಜ, ಅದಕ್ಕೆ ಗಾಬರಿ ಬೇಡ. ಮುಂದಿನ ಗ್ರಿಲ್ಲಿನ ಸೀಳುಗಳನ್ನೂ ಎಣಿಸಿ. ಯುದ್ಧಕಾಲದ ಒತ್ತುತಗಡಿನ ಗ್ರಿಲ್ಲಿನಲ್ಲಿ ಒಂಬತ್ತು, ನಾಗರಿಕ ಸಿಜೆಗಳಲ್ಲಿ ಏಳು.

ಚಾಸಿ ನಂಬರನ್ನು ಪೆನ್ಸಿಲ್ ಉಜ್ಜಿ ಕಾಗದದ ಮೇಲೆ ಇಳಿಸಿಕೊಂಡು ಆರ್‌ಸಿಯ ಜೊತೆ ಅಕ್ಷರ ಅಕ್ಷರ ಹೋಲಿಸಿ. ಒಂದಂಕಿ ವ್ಯತ್ಯಾಸವಿದ್ದರೂ ಹಣ ಕೊಡಬೇಡಿ. ಆರ್‌ಸಿ ಹಳೆಯ ಪುಸ್ತಕವಾಗಿದ್ದರೆ ಅದರ ವಿವರ ಆನ್‌ಲೈನ್‌ಗೆ ಏರಿದೆಯೇ ಎಂದು ಆರ್‌ಟಿಒದಲ್ಲಿ ವಿಚಾರಿಸಿ. ಏರದಿದ್ದರೆ ಆ ಕೆಲಸ ಮಾರುವವರಿಂದಲೇ ಆಗಲಿ. ಸೇನೆಯಿಂದ ಬಂದ ಗಾಡಿಯಾದರೆ ಹರಾಜಿನ ಕಾಗದವೂ ಬೇಕು. 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣ 2023ರ ಏಪ್ರಿಲ್ 1ರಿಂದ ನಿಂತಿದೆ. ಹಾಗಾಗಿ ಹಿಂದೆಯೇ ಹರಾಜಾಗಿ ನಾಗರಿಕ ನಂಬರ್ ಪಡೆದ ಗಾಡಿಯನ್ನೇ ಹುಡುಕುವುದು ಕ್ಷೇಮ.

ಬಾನೆಟ್ ಎತ್ತಿದಾಗ ಬಹಳ ಜೀಪುಗಳಲ್ಲಿ ಕಾಣುವುದು ಡೀಸೆಲ್ ಎಂಜಿನ್. ಪೆಟ್ರೋಲ್ ದುಬಾರಿಯಾದಾಗ ತೋಟದವರು ಬೇರೆ ದಾರಿಯಿಲ್ಲದೆ ಟ್ರ್ಯಾಕ್ಟರಿನದ್ದೋ ಪೂಜೊದ್ದೋ ಎಂಜಿನ್ ಕೂರಿಸಿದರು. ಗಾಡಿ ಬದುಕಿ ಉಳಿದದ್ದೂ ಅದರಿಂದಲೇ. ಆದರೆ ಆರ್‌ಸಿಯಲ್ಲಿ ಪೆಟ್ರೋಲ್ ಎಂದೇ ಇದ್ದರೆ ವಿಮೆ, ವರ್ಗಾವಣೆ ಎರಡಕ್ಕೂ ತೊಡಕು. ವಿಂಟೇಜ್ ನೋಂದಣಿಯ ಆಸೆಯಿದ್ದರಂತೂ ಮೂಲ ಎಂಜಿನ್ ಬೇಕೇ ಬೇಕು. 2021ರ ಕೇಂದ್ರ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ಬದಲಾಗದ ಖಾಸಗಿ ವಾಹನಕ್ಕೆ ‘ವಿಎ’ ಸರಣಿಯ ನಂಬರ್ ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆ ನಂಬರ್ ಹಾಕಿದ ಮೇಲೆ ಪ್ರದರ್ಶನ, ರ‍್ಯಾಲಿ, ಇಂಧನ, ರಿಪೇರಿಗಷ್ಟೇ ರಸ್ತೆಗಿಳಿಸಬಹುದು. ದಿನಾ ಓಡಿಸುವ ಇರಾದೆಯಿದ್ದರೆ ಸಾಮಾನ್ಯ ನೋಂದಣಿಯನ್ನೇ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಿ.

ಓಡಿಸಿ ನೋಡುವುದು ಕೆಸರಿನಲ್ಲೋ ಮಣ್ಣುದಾರಿಯಲ್ಲೋ ಆಗಲಿ. ಒಣ ಡಾಂಬರಿನ ಮೇಲೆ ಫೋರ್‌ವೀಲ್ ಹಾಕಿ ತಿರುಗಿಸಿದರೆ ಗೇರು, ಹೌಸಿಂಗ್‌ಗೆ ಪೆಟ್ಟು. ಇಳಿಜಾರಿನಲ್ಲಿ ಎರಡನೇ ಗೇರಿಗೆ ಹಾಕಿ ಆಕ್ಸಿಲರೇಟರ್ ಬಿಡಿ. ಗೇರು ತಾನೇ ಹಾರಿ ನ್ಯೂಟ್ರಲ್ಲಿಗೆ ಬಂದರೆ ಗೇರ್‌ಬಾಕ್ಸ್ ಬಿಚ್ಚುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಕೊಂಡ ಮೇಲೆ ಮಿಲಿಟರಿ ಹಸಿರು ಬಳಿಸುವ ಉತ್ಸಾಹ ಬೇಡ. ಆಲಿವ್ ಗ್ರೀನ್ ಬಣ್ಣ ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ ಎಂದು ಮೋಟಾರು ವಾಹನ ನಿಯಮ ಹೇಳುತ್ತದೆ.

ಇನ್ನು ತೋಟದ ಮನೆಯವರಿಗೊಂದು ಮಾತು. ನಿಮ್ಮ ಶೆಡ್ಡಿನಲ್ಲೂ ಅಂಥದ್ದೊಂದು ನಿಂತಿದ್ದರೆ ಕಿಲೋ ಲೆಕ್ಕದಲ್ಲಿ ಗುಜರಿಗೆ ಹಾಕಬೇಡಿ. ಅಜ್ಜನ ಪೆಟ್ಟಿಗೆಯಲ್ಲಿ ಆರ್‌ಸಿ ಪುಸ್ತಕ ಇದೆಯೇ ಎಂದು ಮೊದಲು ಹುಡುಕಿ.