ಮನೆಯ ಧ್ವನಿಮುದ್ರಣ: ಯಂತ್ರ ಮತ್ತು ಅದರ ದುಭಾಷಿ

ಮಂಗಳೂರು-ಬೆಂಗಳೂರು ಹೆದ್ದಾರಿಯಿಂದ ಮೈಸೂರಿನ ದಾರಿ ಕವಲೊಡೆಯುವ ಊರು ಮಾಣಿ. ಅದರ ಆಸುಪಾಸಿನ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸೀಮೆಯಲ್ಲಿ ತೆಂಕುತಿಟ್ಟಿನ ಯಕ್ಷಗಾನವು ಮನೆಮನೆಯ ವಿದ್ಯೆ. ಮಳೆಗಾಲದ ರಾತ್ರಿ ಚಾವಡಿಯಲ್ಲಿ ಜರಗುವ ತಾಳಮದ್ದಳೆಯ ಪದ್ಯಗಳು ಪ್ರಸಂಗದ ಪುಸ್ತಕದಲ್ಲಿ ದೊರೆಯುತ್ತವೆ. ಆದರೆ ಅರ್ಥಧಾರಿಗಳ ಮಾತಿಗೆ ಪುಸ್ತಕವಿಲ್ಲ. ಅದು ಆಡಿದಂತೆ ಹುಟ್ಟಿ, ಆಡಿ ಮುಗಿದೊಡನೆ ಮರೆಯಾಗುವ ವಾಙ್ಮಯ. ಅದನ್ನು ಆಡಿದ ದನಿಯಲ್ಲೇ ಉಳಿಸಬೇಕಾದರೆ ಧ್ವನಿಮುದ್ರಣವಲ್ಲದೆ ಬೇರೆ ದಾರಿಯಿಲ್ಲ.

1976ರಲ್ಲಿ ಮಂಗಳೂರಿನಲ್ಲಿ ಆಕಾಶವಾಣಿ ಕೇಂದ್ರವು ಆರಂಭವಾಯಿತು. ಮುಂದೆ ಕ್ಯಾಸೆಟ್ಟಿನ ಯಂತ್ರವು ಮನೆಗಳನ್ನು ಪ್ರವೇಶಿಸಿತು. ಇಂದು ಆ ಕಾರ್ಯವನ್ನು ಗಣಕಯಂತ್ರವೂ ಅದಕ್ಕೆ ಜೋಡಿಸುವ ಆಡಿಯೊ ಇಂಟರ್‌ಫೇಸ್ ಎಂಬ ಪುಟ್ಟ ಪೆಟ್ಟಿಗೆಯೂ ಕೂಡಿ ನಡೆಸುತ್ತವೆ. ಮೈಕಿನಿಂದ ಬರುವ ವಿದ್ಯುತ್ ಸಂಕೇತವನ್ನು ಈ ಪೆಟ್ಟಿಗೆಯು ಸೆಕೆಂಡಿಗೆ ಸಾಮಾನ್ಯವಾಗಿ 48,000 ಬಾರಿ ಅಳೆದು ಅಂಕೆಗಳನ್ನಾಗಿ ಮಾರ್ಪಡಿಸುತ್ತದೆ. ಒಂದೊಂದು ಅಳತೆಗೂ 24 ಬಿಟ್‌ಗಳನ್ನು ಬಳಸಿ, ಎರಡು ಮೈಕುಗಳಿಂದ ಒಂದು ಗಂಟೆ ಮುದ್ರಿಸಿದರೆ ಸುಮಾರು ಒಂದು ಗಿಗಾಬೈಟ್ ಸ್ಥಳ ಬೇಕಾಗುತ್ತದೆ.

ಡ್ರೈವರ್ ಎಂದರೇನು?

ಡ್ರೈವರ್ ಎಂದೊಡನೆ ಬಸ್ಸಿನ ಚಾಲಕನು ನೆನಪಾಗುವುದು ಸಹಜ. ಇಲ್ಲಿ ಆ ಮಾತಿಗೆ ದುಭಾಷಿ ಎಂಬ ಅರ್ಥವೇ ಹೆಚ್ಚು ಒಪ್ಪುತ್ತದೆ. ಪೆಟ್ಟಿಗೆಯ ಭಾಷೆ ಒಂದು, ಗಣಕದ ಕಾರ್ಯವ್ಯವಸ್ಥೆಯ ಭಾಷೆ ಇನ್ನೊಂದು. ಇವೆರಡರ ನಡುವೆ ಮಾತು ದಾಟಿಸುವ ತಂತ್ರಾಂಶವೇ ಡ್ರೈವರ್. ಕಾರ್ಯವ್ಯವಸ್ಥೆ ಬದಲಾದಾಗ ದುಭಾಷಿಯೂ ಹೊಸ ಭಾಷೆಯನ್ನು ಕಲಿಯಬೇಕು. ತಯಾರಕರು ಅದನ್ನು ಕಲಿಸದೆ ಬಿಟ್ಟರೆ, ಒಂದು ತಿರುಪೂ ಸಡಿಲವಾಗದ ಯಂತ್ರವು ಕಪಾಟು ಸೇರುತ್ತದೆ. 32 ಬಿಟ್‌ನ ವಿಂಡೋಸಿಗಾಗಿ ಬರೆದ ಡ್ರೈವರುಗಳು 64 ಬಿಟ್‌ನ ವಿಂಡೋಸಿನಲ್ಲಿ ನಡೆಯಲಿಲ್ಲ. ಒಂದು ಕಾಲದಲ್ಲಿ ಸ್ಟುಡಿಯೋಗಳ ನೆಚ್ಚಿನ ಜೋಡಣೆಯಾಗಿದ್ದ ಫೈರ್‌ವೈರಿಗೆ 2025ರಲ್ಲಿ ಬಂದ ಆಪಲ್ ಕಂಪೆನಿಯ ಮ್ಯಾಕ್ ಓಎಸ್ 26ರಲ್ಲಿ ಸ್ಥಾನವೇ ಇಲ್ಲವಾಯಿತು. ಯಂತ್ರದ ಆಯುಸ್ಸು ಅದರ ಲೋಹಕ್ಕಿಂತ ಹೆಚ್ಚಾಗಿ ಅದರ ದುಭಾಷಿಯನ್ನು ಅವಲಂಬಿಸಿದೆಯೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಎಲ್ಲರಿಗೂ ತಿಳಿಯುವ ಭಾಷೆ

ತುಳು, ಕನ್ನಡ, ಕೊಂಕಣಿ, ಬ್ಯಾರಿ ಮಾತುಗಳು ಕಲೆಯುವ ಇಲ್ಲಿನ ಸಂತೆಯಲ್ಲಿ ಎಲ್ಲರಿಗೂ ತಿಳಿಯುವ ಮಾತೊಂದಿದ್ದರೆ ದುಭಾಷಿ ಬೇಕಾಗುವುದಿಲ್ಲ. ಯಂತ್ರಲೋಕದಲ್ಲಿಯೂ ಅಂತಹ ಏರ್ಪಾಡು ಇದೆ. ಯು.ಎಸ್.ಬಿ. ಧ್ವನಿಯಂತ್ರಗಳಿಗೆಂದು 1998ರಲ್ಲಿ ಮೊದಲನೆಯ ಸಾಮಾನ್ಯ ನಿಯಮಾವಳಿಯೂ 2006ರಲ್ಲಿ ಎರಡನೆಯದೂ ಪ್ರಕಟವಾದವು. ಇವನ್ನು ಪಾಲಿಸುವ ಯಂತ್ರಕ್ಕೆ 'ಕ್ಲಾಸ್ ಕಂಪ್ಲಯಂಟ್' ಎಂದು ಹೆಸರು. ಮ್ಯಾಕ್ ಮತ್ತು ಲಿನಕ್ಸ್ ವ್ಯವಸ್ಥೆಗಳಲ್ಲಿ ಇದಕ್ಕೆ ತಯಾರಕರ ಪ್ರತ್ಯೇಕ ಡ್ರೈವರ್ ಬೇಕಾಗುವುದಿಲ್ಲ. ವಿಂಡೋಸಿನಲ್ಲಿ ಎರಡನೆಯ ನಿಯಮಾವಳಿಗೆ ಸ್ವಂತ ಬೆಂಬಲ ದೊರೆತದ್ದು 2017ರಲ್ಲಿ ಮಾತ್ರ. ಅಲ್ಲಿ, ಸ್ಟೈನ್‌ಬರ್ಗ್ ಸಂಸ್ಥೆಯು 1997ರಲ್ಲಿ ರೂಪಿಸಿದ ಏಸಿಯೊ ಎಂಬ ಪದ್ಧತಿಯ ಡ್ರೈವರುಗಳು ಬಹುಕಾಲದಿಂದ ಬಳಕೆಯಲ್ಲಿವೆ.

ವಿಳಂಬದ ಲೆಕ್ಕ

ಅಂಕೆಗಳು ಗಣಕಕ್ಕೆ ಒಂದೊಂದಾಗಿ ಹರಿಯುವುದಿಲ್ಲ. ತೋಟದ ನೀರು ತೊಟ್ಟಿಯಲ್ಲಿ ತುಂಬಿದ ಮೇಲೆ ಹರಿಯುವಂತೆ, 'ಬಫರ್' ಎಂಬ ತೊಟ್ಟಿಯಲ್ಲಿ ಸಂಗ್ರಹವಾಗಿ ಸಾಗುತ್ತವೆ. 256 ಅಳತೆಗಳ ತೊಟ್ಟಿ ತುಂಬಲು ಸುಮಾರು 5.3 ಮಿಲಿಸೆಕೆಂಡು ಬೇಕು. ಅಷ್ಟರಲ್ಲಿ ಶಬ್ದವು ಗಾಳಿಯಲ್ಲಿ 1.8 ಮೀಟರ್ ದೂರ ಸಾಗುತ್ತದೆ. 1,024 ಅಳತೆಗಳಾದರೆ ವಿಳಂಬ 21 ಮಿಲಿಸೆಕೆಂಡಿಗೆ ಏರುತ್ತದೆ. ಗಣಕದ ಮೂಲಕ ಬರುವ ತನ್ನ ನಾದವನ್ನು ಕಿವಿಯಲ್ಲಿ ಕೇಳುತ್ತಾ ಚೆಂಡೆ ಬಾರಿಸುವವನಿಗೆ ಇದು ತೊಡಕಾಗುತ್ತದೆ. ಹೋಗುವ ದಾರಿಯ ವಿಳಂಬಕ್ಕೆ ಮರಳುವ ದಾರಿಯ ವಿಳಂಬವೂ ಸೇರುತ್ತದೆಯಷ್ಟೆ. ತಾಳಮದ್ದಳೆಯನ್ನು ಕೇವಲ ಮುದ್ರಿಸುವಾಗ ಆ ಚಿಂತೆಯಿಲ್ಲ. ಅಲ್ಲಿ ದೊಡ್ಡ ತೊಟ್ಟಿಯೇ ಕ್ಷೇಮ. ಸಣ್ಣ ತೊಟ್ಟಿಯಾದರೆ, ಗಣಕವು ಬೇರೆ ಕೆಲಸದಲ್ಲಿ ತೊಡಗಿದ ಕ್ಷಣದಲ್ಲಿ ಮಾತು ತುಂಡಾಗುವ ಭಯವಿದೆ.

ಒಂದೇ ತಾಳ

ಮೈಕುಗಳು ಹೆಚ್ಚಾದಾಗ ಎರಡನೆಯ ಪೆಟ್ಟಿಗೆಯನ್ನು ಜೋಡಿಸಬೇಕಾಗುತ್ತದೆ. ಎಸ್‌ಪಿಡಿಫ್ ಜೋಡಣೆಯಲ್ಲಿ ಸಾಮಾನ್ಯವಾಗಿ ಎರಡು ಧ್ವನಿವಾಹಿನಿಗಳು ಸಾಗುತ್ತವೆ. ಏಡ್ಯಾಟ್ ಎಂಬ ಬೆಳಕಿನ ತಂತುವಿನಲ್ಲಿ 48,000 ಅಳತೆಯ ವೇಗದಲ್ಲಿ ಎಂಟು ವಾಹಿನಿಗಳು ಸಾಗುತ್ತವೆ. ಆದರೆ ಎರಡು ಯಂತ್ರಗಳಿಗೂ ಗಡಿಯಾರ ಒಂದೇ ಆಗಿರತಕ್ಕದ್ದು. ಭಾಗವತರ ಜಾಗಟೆಯ ತಾಳವನ್ನು ಚೆಂಡೆ ಮದ್ದಳೆಗಳು ಅನುಸರಿಸುವಂತೆ, ಒಂದು ಯಂತ್ರವು ಇನ್ನೊಂದರ ಗಡಿಯಾರವನ್ನು ಅನುಸರಿಸಬೇಕು. ಹಾಗೆ ಹೊಂದಿಸದಿದ್ದರೆ ಮುದ್ರಣದಲ್ಲಿ ಟಿಕ್ ಟಿಕ್ ಎಂಬ ಸದ್ದು ಕೇಳಿಸುತ್ತದೆ. ಬೇರೆಬೇರೆಯಾಗಿ ಮುದ್ರಿಸುವ ಎರಡು ಯಂತ್ರಗಳ ಗಡಿಯಾರಗಳು ಹತ್ತು ಲಕ್ಷಕ್ಕೆ 50ರಷ್ಟು ಭಿನ್ನವಾಗಿದ್ದರೂ ಸಾಕು, ಒಂದು ಗಂಟೆಯ ಕೊನೆಯಲ್ಲಿ ಅವುಗಳ ನಡುವೆ 0.18 ಸೆಕೆಂಡಿನ ಅಂತರ ಬೀಳುತ್ತದೆ.

ಕೊಳ್ಳುವ ಮುನ್ನ

ಯಂತ್ರ ಕೊಳ್ಳುವವರು, ವಿಶೇಷವಾಗಿ ಶಾಲೆಗಳಿಗೆ ಕೊಡಿಸುವ ಉದಾರಿಗಳು, ಬೆಲೆಯನ್ನು ಕೇಳುವ ಮೊದಲು ಮೂರು ಪ್ರಶ್ನೆಗಳನ್ನು ಕೇಳುವುದು ಲೇಸು. ಇದು ಪ್ರತ್ಯೇಕ ಡ್ರೈವರ್ ಇಲ್ಲದೆ ನಡೆಯುತ್ತದೆಯೆ? ತಯಾರಕರು ತಮ್ಮ ಹಳೆಯ ಯಂತ್ರಗಳಿಗೆ ಹೊಸ ಡ್ರೈವರುಗಳನ್ನು ಎಷ್ಟು ವರ್ಷ ಒದಗಿಸಿದ್ದಾರೆ? ಶಾಲೆಯಲ್ಲಿರುವ ಗಣಕಕ್ಕೆ ಇದು ಹೊಂದುತ್ತದೆಯೆ? ಉತ್ತರ ತೃಪ್ತಿಕರವಾಗಿದ್ದರೆ ಕಡಿಮೆ ಬೆಲೆಯ ಪೆಟ್ಟಿಗೆಯೂ ಬಹುಕಾಲ ಬಾಳುತ್ತದೆ. ಯಂತ್ರವು ಚೆನ್ನಾಗಿ ನಡೆಯುತ್ತಿರುವಾಗ, ಹೊಸ ಡ್ರೈವರ್ ಇದೆಯೆಂದು ಖಚಿತವಾಗುವವರೆಗೆ ಕಾರ್ಯವ್ಯವಸ್ಥೆಯನ್ನು ಬದಲಿಸದಿರುವುದೇ ವಿವೇಕ. ಮುದ್ರಿಸಿದ್ದನ್ನು ಎಲ್ಲ ಯಂತ್ರಗಳೂ ಓದಬಲ್ಲ ವೇವ್ ರೂಪದಲ್ಲಿ ಎರಡು ಕಡೆ ಕಾಪಿಡಬೇಕು.

ಯಂತ್ರವು ಇಂದಲ್ಲ ನಾಳೆ ಹಳತಾಗುವುದು, ಇನ್ನೊಂದನ್ನು ಕೊಳ್ಳಬಹುದು. ಹಿರಿಯ ಅರ್ಥಧಾರಿಯ ಒಂದು ರಾತ್ರಿಯ ಮಾತನ್ನು ಮತ್ತೆ ಕೊಳ್ಳಲಾಗದು. ಆ ರಾತ್ರಿ ಯಂತ್ರವು ಮೂಕವಾಗದಂತೆ ಮುಂಚಿತವಾಗಿಯೇ ನೋಡಿಕೊಳ್ಳುವುದು ಈ ವಿದ್ಯೆಯ ಮೊದಲ ಪಾಠ.