ಬಲಕ್ಕೆ ಬಾಗುವ ಚೆಂಡು: ಗಾಲ್ಫ್ ಆಟದ ಒಂದು ದೋಷವಿಚಾರ

ಶಂಕರಘಟ್ಟದ ಆಸುಪಾಸಿನ ಬಯಲುಗಳಲ್ಲಿ ಚಿನ್ನಿದಾಂಡು ಆಡಿ ಬೆಳೆದವರಿಗೆ ಗಾಲ್ಫ್ ಆಟವು ದೂರದ್ದೆಂದು ತೋರುವುದು ಸಹಜ. ಆದರೆ ಅದು ಕನ್ನಡನಾಡಿಗೆ ಹೊಸದೇನೂ ಅಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ಬು ಸ್ಥಾಪಿತವಾದದ್ದು 1876ರಲ್ಲಿ. ಮೈಸೂರಿನಲ್ಲಿಯೂ ನೆರೆಯ ಚಿಕ್ಕಮಗಳೂರಿನಲ್ಲಿಯೂ ಈ ಆಟದ ಮೈದಾನಗಳುಂಟು. ಬೆಂಗಳೂರಿನ ಅದಿತಿ ಅಶೋಕ್ ಅವರು 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ ಪಡೆದುದು ಎಲ್ಲರೂ ಬಲ್ಲ ಸಂಗತಿ. ನಡುವಯಸ್ಸಿನಲ್ಲಿ ಈ ಕೋಲನ್ನು ಕೈಗೆತ್ತಿಕೊಂಡವರಲ್ಲಿ ಬಹುಮಂದಿಯನ್ನು ಕಾಡುವ ದೋಷವೊಂದಿದೆ. ಆಟಗಾರರು ಅದನ್ನು 'ಸ್ಲೈಸ್' ಎನ್ನುತ್ತಾರೆ. ಅದರ ಲಕ್ಷಣ, ನಿದಾನ, ಚಿಕಿತ್ಸೆಗಳನ್ನು ಇಲ್ಲಿ ಕ್ರಮವಾಗಿ ವಿಚಾರಿಸೋಣ.

ಲಕ್ಷಣವು ಸ್ಪಷ್ಟವಾದುದು. ಬಲಗೈ ಆಟಗಾರನು ಹೊಡೆದ ಚೆಂಡು ಹಾರುತ್ತ ಹಾರುತ್ತ ಬಲಕ್ಕೆ ಬಾಗಿ, ಗುರಿ ತಪ್ಪಿ, ಹುಲ್ಲುಪೊದೆಗಳಲ್ಲಿ ಬೀಳುತ್ತದೆ. ಎಡಗೈಯವರಿಗೆ ಇದೆಲ್ಲವೂ ತಿರುವುಮುರುವು.

ಇನ್ನು ನಿದಾನ. ಕೋಲಿಗೂ ಚೆಂಡಿಗೂ ಸ್ಪರ್ಶವಿರುವುದು ಒಂದು ಸೆಕೆಂಡಿನ ಎರಡು ಸಾವಿರದ ಒಂದು ಭಾಗದಷ್ಟು ಕಾಲ ಮಾತ್ರ. ಆ ಕ್ಷಣದಲ್ಲಿ ಎರಡು ಸಂಗತಿಗಳು ಮುಖ್ಯ: ಕೋಲು ಚಲಿಸುವ ಹಾದಿ ಮತ್ತು ಕೋಲಿನ ಮುಖ. ಮುಖವು ಹಾದಿಗಿಂತ ಬಲಕ್ಕೆ ತೆರೆದಿದ್ದರೆ ಚೆಂಡಿನ ಸುತ್ತುವಿಕೆಯ ಅಕ್ಷವು ಬಲಕ್ಕೆ ವಾಲುತ್ತದೆ. ಗಾಳಿಯು ಚೆಂಡನ್ನು ಅತ್ತಲೇ ತಳ್ಳುತ್ತದೆ. ಜರ್ಮನಿಯ ವಿಜ್ಞಾನಿ ಮ್ಯಾಗ್ನಸ್ 1852ರಲ್ಲಿ ಪರೀಕ್ಷಿಸಿದ ತತ್ತ್ವವೇ ಇದು. ಚೆಂಡು ಹೊರಡುವ ದಿಕ್ಕನ್ನು ಕೋಲಿನ ಹಾದಿಯೇ ನಿರ್ಣಯಿಸುತ್ತದೆಂದು ಹಿಂದೆ ಬೋಧಿಸುತ್ತಿದ್ದರು. ಆ ದಿಕ್ಕು ಬಹುಪಾಲು ಮುಖವನ್ನೇ ಅನುಸರಿಸುತ್ತದೆಂದು ಈಚಿನ ರೇಡಾರ್ ಅಳತೆಗಳು ತೋರಿಸಿಕೊಟ್ಟಿವೆ.

ಭದ್ರಾವತಿಯಲ್ಲಿ 1949ರಲ್ಲಿ ಜನಿಸಿದ ಕ್ರಿಕೆಟ್ ಪಟು ಗುಂಡಪ್ಪ ವಿಶ್ವನಾಥ್ ಅವರ 'ಸ್ಕ್ವೇರ್ ಕಟ್' ಹೊಡೆತವನ್ನು ಇಲ್ಲಿ ನೆನೆಯಬಹುದು. ಅಲ್ಲಿಯೂ ಬ್ಯಾಟಿನ ಮುಖವು ತೆರೆಯುತ್ತದೆ. ಆದರೆ ಚೆಂಡನ್ನು ಬಲಬದಿಗೆ ಕಳಿಸುವುದೇ ಅಲ್ಲಿನ ಉದ್ದೇಶ. ಅಲಂಕಾರಶಾಸ್ತ್ರಜ್ಞರು ನಿತ್ಯದೋಷ, ಅನಿತ್ಯದೋಷಗಳೆಂದು ವಿಂಗಡಿಸುವುದುಂಟು. ಮುಖ ತೆರೆಯುವುದು ಅನಿತ್ಯದೋಷ. ಅಲ್ಲಿ ಅಲಂಕಾರವಾದದ್ದು, ನೇರ ಗುರಿಯ ಆಟದಲ್ಲಿ ದೋಷವಾಗುತ್ತದೆ.

ಈ ದೋಷ ಬೇರೂರುವುದು ಆಟಗಾರನು ತಾನೇ ಕಂಡುಕೊಂಡ ಮದ್ದಿನಿಂದ. ಚೆಂಡು ಬಲಕ್ಕೆ ಹೋಗುತ್ತದೆಂದು ಅವನು ಮೈಯನ್ನು ಎಡಕ್ಕೆ ತಿರುಗಿಸಿ ನಿಲ್ಲುತ್ತಾನೆ. ಆಗ ಕೋಲಿನ ಹಾದಿಯು ಇನ್ನಷ್ಟು ಎಡಕ್ಕೆ ಸರಿಯುತ್ತದೆ. ಮುಖವಾದರೋ ಗುರಿಯ ಕಡೆಗೇ ಉಳಿಯುತ್ತದೆ. ಎರಡರ ಅಂತರ ಹೆಚ್ಚಿ ಬಾಗು ಇಮ್ಮಡಿಸುತ್ತದೆ. ಮತ್ತಷ್ಟು ಎಡಕ್ಕೆ ತಿರುಗಿದರೆ ಮತ್ತಷ್ಟು ಬಾಗು. ಹೀಗೆ ಮದ್ದೇ ರೋಗವನ್ನು ಬೆಳೆಸುತ್ತದೆ.

ಚಿಕಿತ್ಸೆಯ ಕ್ರಮವಿದು. ಮೊದಲನೆಯದು ಹಿಡಿತ. ಎಡಗೈಯನ್ನು ತುಸು ಬಲಕ್ಕೆ ಹೊರಳಿಸಿ, ಮೇಲಿನಿಂದ ನೋಡಿದಾಗ ಅದರ ಎರಡು ಮೂರು ಗೆಣ್ಣುಗಳು ಕಾಣುವಂತೆ ಹಿಡಿಯಬೇಕು. ಹಿಡಿತ ಬಿಗಿಯಾಗಿರಕೂಡದು, ಬಿಗಿದ ಮಣಿಕಟ್ಟು ಮುಖವನ್ನು ಸಕಾಲಕ್ಕೆ ಹೊರಳಿಸಲಾರದು. ಎರಡನೆಯದು ನಿಲುವು. ಪಾದ, ಸೊಂಟ, ಭುಜಗಳು ಗುರಿಯ ರೇಖೆಗೆ ಸಮಾನಾಂತರವಾಗಿರಲಿ. ಉದ್ದನೆಯ 'ಡ್ರೈವರ್' ಕೋಲಿನಿಂದ ಹೊಡೆಯುವಾಗ ಚೆಂಡು ಎಡ ಹಿಮ್ಮಡಿಯ ಒಳಬದಿಯ ನೇರಕ್ಕಿರಲಿ. ಅದಕ್ಕಿಂತ ಮುಂದಿದ್ದರೆ ಭುಜಗಳು ಎಡಕ್ಕೆ ತೆರೆದುಕೊಳ್ಳುತ್ತವೆ. ಮೂರನೆಯದು ಬೀಸು. ಕೋಲನ್ನು ಕೆಳಗಿಳಿಸುವಾಗ ಚಲನೆಯು ಸೊಂಟದಿಂದ ಮೊದಲಾಗಬೇಕು. ಬಲಭುಜವು ಮುಂದಕ್ಕೆ ನುಗ್ಗಬಾರದು. ಇದರ ಪರೀಕ್ಷೆಗೆ ಚೆಂಡಿನ ಆಚೆಬದಿಯಲ್ಲಿ, ಸ್ವಲ್ಪ ಹಿಂದೆ, ಖಾಲಿ ರಟ್ಟಿನ ಪೆಟ್ಟಿಗೆಯೊಂದನ್ನು ಇರಿಸಬೇಕು. ಹೊರಗಿನಿಂದ ಒಳಕ್ಕೆ ಬರುವ ಕೋಲು ಪೆಟ್ಟಿಗೆಗೆ ತಾಗಿ ತನ್ನ ತಪ್ಪನ್ನು ತಾನೇ ಸಾರುತ್ತದೆ.

ಅಭ್ಯಾಸವನ್ನು ಗಿಡ್ಡ ಕೋಲಿನಿಂದ, ಅರ್ಧ ಬೀಸಿನಿಂದ ಆರಂಭಿಸುವುದು ಲೇಸು. ಹೆಚ್ಚು ಓರೆಯುಳ್ಳ ಗಿಡ್ಡ ಕೋಲಿನಲ್ಲಿ ಬಾಗು ಕಡಮೆ ತೋರುತ್ತದೆ. ಡ್ರೈವರಿನಲ್ಲಿ ಅದು ಪೂರ್ಣವಾಗಿ ಬಯಲಾಗುತ್ತದೆ. ಹೊಸ ಹಿಡಿತದಲ್ಲಿ ಕೆಲವು ದಿನ ಚೆಂಡು ಎಡಕ್ಕೆ ಹೋದರೂ ಹೆದರಿ ಹಳೆಯ ಹಿಡಿತಕ್ಕೆ ಮರಳಬಾರದು. ಮುಖವು ಮುಚ್ಚಲು ಕಲಿತಿತೆಂಬುದಕ್ಕೆ ಅದೇ ಕುರುಹು. ಮುಂದೆ ಹಾದಿಯನ್ನು ನೇರಗೊಳಿಸಿದರಾಯಿತು.

ಅಧ್ಯಾಪಕರಾದ ನಮಗೂ ಇದರಲ್ಲಿ ಗ್ರಾಹ್ಯವಾದ ಅಂಶವುಂಟು. ಕಾಗುಣಿತ ತಪ್ಪುವ ಬಾಲಕನಿಂದ ಅದೇ ಪದವನ್ನು ನೂರು ಸಲ ಬರೆಸುವುದು ಎಡಕ್ಕೆ ತಿರುಗಿ ನಿಂತಂತೆಯೇ. ಅವನು ಆ ಪದವನ್ನು ಉಚ್ಚರಿಸುವ ಬಗೆಯಲ್ಲಿಯೇ ತಪ್ಪು ಅಡಗಿರಬಹುದು. ಮೊದಲು ಓದಿಸಿ ಕೇಳಬೇಕು, ಬರೆಸುವುದು ಆಮೇಲೆ.